ಒಣಕಾಡು, ಹೊಲ ಮತ್ತು ಮಣ್ಣಿನ ಇಂಗಾಲ: ಪದೇ ಪದೇ ಕೇಳುವ ಪ್ರಶ್ನೆಗಳು

ಜೋಗಿಮಟ್ಟಿ, ಬುಕ್ಕಾಪಟ್ಟಣ, ಸಂಡೂರು, ಕಪ್ಪತಗುಡ್ಡ ಮುಂತಾದ ಬಯಲುಸೀಮೆಯ ಒಣಕಾಡುಗಳ ಅಂಚಿನಲ್ಲಿ ಬೇಸಾಯ ಮಾಡುವವರು, ಕೃಷಿ ಮತ್ತು ಅರಣ್ಯ ವಿಜ್ಞಾನ ಓದುವ ವಿದ್ಯಾರ್ಥಿಗಳು, ಗ್ರಾಮ ಪಂಚಾಯಿತಿ ಸದಸ್ಯರು ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಿದ್ದೇನೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಿಕೊಳ್ಳಬಹುದು. ಮೊದಲ ಭಾಗಕ್ಕೆ ಯಾವ ಪೂರ್ವಸಿದ್ಧತೆಯೂ ಬೇಡ. ಕೊನೆಯ ಭಾಗ ಅಳತೆ ಮತ್ತು ಸಂಶೋಧನೆಯಲ್ಲಿ ತೊಡಗಿದವರಿಗೆ.

ಮೊದಲ ಪ್ರಶ್ನೆಗಳು

ಮಣ್ಣಿನ ಇಂಗಾಲ ಅಂದರೇನು? ಅದು ಇದ್ದಿಲೋ, ಗೊಬ್ಬರವೋ?

ಮಣ್ಣಿಗೆ ಬಿದ್ದ ಎಲೆ, ಸತ್ತ ಬೇರು, ಸಗಣಿ, ಹಿಕ್ಕೆ, ಸತ್ತ ಸೂಕ್ಷ್ಮಜೀವಿಗಳು ಎಲ್ಲವೂ ಕೊಳೆಯುತ್ತಾ ಹೋದಂತೆ ಉಳಿಯುವ ವಸ್ತುವಿಗೆ ಸಾವಯವ ಪದಾರ್ಥ ಎನ್ನುತ್ತೇವೆ. ಅದರ ತೂಕದಲ್ಲಿ ನೂರಕ್ಕೆ ಸುಮಾರು 58 ಭಾಗ ಇಂಗಾಲ ಎಂಬುದು ಬಹಳ ಕಾಲದಿಂದ ಬಳಕೆಯಲ್ಲಿರುವ ಲೆಕ್ಕ. ಈ ಇಂಗಾಲದಲ್ಲಿ ಎರಡು ಬಗೆ. ಒಂದು, ಕೈಯಲ್ಲಿ ಹಿಡಿದರೆ ಇನ್ನೂ ಬೇರಿನ ಚೂರು, ಎಲೆಯ ನಾರು ಎಂದು ಗುರುತು ಸಿಗುವ ಬಿಡಿ ಚೂರುಗಳು; ಇವು ಕೆಲವೇ ವರ್ಷಗಳಲ್ಲಿ ಕರಗಿಹೋಗುತ್ತವೆ. ಇನ್ನೊಂದು, ಸೂಕ್ಷ್ಮಜೀವಿಗಳು ಅರಗಿಸಿ ಬಿಟ್ಟ ಅಂಶ ಜೇಡಿಯ ಕಣಕ್ಕೆ ಅಂಟಿಕೊಂಡು ಉಳಿದದ್ದು. ಇದು ದಶಕಗಳ ಕಾಲ, ಕೆಲವೊಮ್ಮೆ ಶತಮಾನಗಳ ಕಾಲ ಬಾಳುತ್ತದೆ. ಬೆಂಕಿ ಬಿದ್ದ ಕಾಡಿನ ಮಣ್ಣಿನಲ್ಲಿ ಇದ್ದಿಲಿನ ಚೂರುಗಳೂ ಇರುತ್ತವೆ, ಆದರೆ ಅವು ಒಟ್ಟು ಲೆಕ್ಕದ ಒಂದು ಪಾಲು ಮಾತ್ರ. ಜಗತ್ತಿನ ಮಣ್ಣಿನ ಮೇಲಿನ ಒಂದು ಮೀಟರಿನಲ್ಲಿ ಸುಮಾರು 1,500 ಶತಕೋಟಿ ಟನ್ ಸಾವಯವ ಇಂಗಾಲ ಇದೆ. ವಾತಾವರಣದಲ್ಲಿರುವ ಇಂಗಾಲಕ್ಕಿಂತ ಇದು ಹೆಚ್ಚು.

ನಮ್ಮ ಗುಡ್ಡದ ಮೇಲೆ ಇರೋದು ಬರೀ ಕುರುಚಲು. ಅದನ್ನೂ ಕಾಡು ಅಂತ ಲೆಕ್ಕ ಹಿಡಿಯಬೇಕಾ?

ಖಂಡಿತ ಹಿಡಿಯಬೇಕು. ವರ್ಷಕ್ಕೆ ಐನೂರರಿಂದ ಏಳುನೂರು ಮಿಲಿಮೀಟರ್ ಮಳೆ ಬಿದ್ದು, ಅದಕ್ಕಿಂತ ಎರಡರಿಂದ ಐದು ಪಟ್ಟು ನೀರು ಆವಿಯಾಗಿ ಹೋಗಬಲ್ಲಷ್ಟು ಬಿಸಿಲು ಇರುವ ಸೀಮೆಯನ್ನು ಅರೆಶುಷ್ಕ ಪ್ರದೇಶ ಎನ್ನುತ್ತಾರೆ. ಅಂಥ ಕಡೆ ಕಾಡು ಬೆಳೆಯುವುದೇ ಹೀಗೆ: ದಿಂಡಿಗ, ಕಮರ, ಕಗ್ಗಲಿ, ತೂಪ್ರ, ಮುತ್ತುಗ ಕುಳ್ಳಗೆ, ದೂರ ದೂರ ನಿಂತಿರುತ್ತವೆ, ಅವುಗಳ ನಡುವೆ ತಂಗಡಿ, ಕವಳೆ, ಬಂದರೆ ಗಿಡದ ಪೊದೆಗಳು, ಮಳೆಗಾಲದಲ್ಲಿ ಮೊಣಕಾಲುದ್ದದ ಹುಲ್ಲು. ಮಲೆನಾಡಿನ ಕಾಡು ನೋಡಿ ಬಂದ ಕಣ್ಣಿಗೆ ಇದು ಹಾಳುಬಿದ್ದ ನೆಲದಂತೆ ಕಾಣುತ್ತದೆ. ಆದರೆ ನೀರಿಗಾಗಿ ಆಳಕ್ಕೆ ಇಳಿಯಬೇಕಾದ ಈ ಗಿಡಮರಗಳು ತಮ್ಮ ಬೆಳವಣಿಗೆಯ ದೊಡ್ಡ ಪಾಲನ್ನು ಬೇರಿಗೆ ಹಾಕುತ್ತವೆ. ಬೇರಿನಿಂದ ಬಂದ ಇಂಗಾಲವು ಎಲೆ ಕಡ್ಡಿಗಳಿಂದ ಬಂದದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಕಾಲ ಮಣ್ಣಿನಲ್ಲಿ ಉಳಿಯುತ್ತದೆ ಎಂದು ಹೋಲಿಕೆಯ ಅಧ್ಯಯನಗಳು ತೋರಿಸಿವೆ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯ 2021ರ ವರದಿಯ ಪ್ರಕಾರ ದೇಶದ ಕಾಡುಗಳಲ್ಲಿರುವ 7,204 ದಶಲಕ್ಷ ಟನ್ ಇಂಗಾಲದಲ್ಲಿ ಶೇ 56ರಷ್ಟು ಇರುವುದು ಮಣ್ಣಿನಲ್ಲೇ. ಮರಗಳು ಕುಳ್ಳಗಿರುವ ಒಣಕಾಡಿನಲ್ಲಿ ಮಣ್ಣಿನ ಪಾಲನ್ನು ಕಡೆಗಣಿಸಿದರೆ ಲೆಕ್ಕವೇ ದಾರಿ ತಪ್ಪುತ್ತದೆ.

ಮರ ಕಡಿದರೆ ಮರದ ಇಂಗಾಲ ಹೋಗುತ್ತೆ, ಒಪ್ಪಿದೆ. ಮಣ್ಣು ಅಲ್ಲೇ ಇರುತ್ತಲ್ಲ, ಅದರದ್ದು ಯಾಕೆ ಹೋಗಬೇಕು?

ಮಣ್ಣಿನ ಇಂಗಾಲ ಎಂದೂ ನಿಂತ ನೀರಲ್ಲ. ಪ್ರತಿ ವರ್ಷ ಮೇಲಿನಿಂದಲೂ ಬೇರಿನಿಂದಲೂ ಒಂದಷ್ಟು ಸೇರುತ್ತದೆ; ಸೂಕ್ಷ್ಮಜೀವಿಗಳು ಉಸಿರಾಡಿದಂತೆ ಒಂದಷ್ಟು ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ಕಾಡು ಹೊಲವಾದಾಗ ಬರುವುದು ಕಡಿಮೆಯಾಗಿ, ಹೋಗುವುದು ಹೆಚ್ಚಾಗುತ್ತದೆ. ಶೇಂಗಾ ಬೆಳೆದ ರೈತ ಗಿಡವನ್ನು ಬುಡಸಮೇತ ಕಿತ್ತು, ಹೊಟ್ಟನ್ನು ದನಕ್ಕೆ ಒಯ್ಯುತ್ತಾನೆ. ರಾಗಿ ಹುಲ್ಲು ಬಣವೆಗೆ ಹೋಗುತ್ತದೆ. ನೆಲಕ್ಕೆ ಉಳಿಯುವುದು ಕೂಳೆ ಮಾತ್ರ. ಇತ್ತ ನೇಗಿಲೋ ರೋಟವೇಟರೋ ಮಣ್ಣಿನ ಹೆಂಟೆಗಳನ್ನು ಒಡೆದು, ಅವುಗಳೊಳಗೆ ಗಾಳಿಯೂ ಸೂಕ್ಷ್ಮಜೀವಿಗಳೂ ತಲುಪದಂತೆ ಅಡಗಿದ್ದ ಚೂರುಗಳನ್ನು ತೆರೆದಿಡುತ್ತದೆ. ನೆರಳಿಲ್ಲದ ನೆಲ ಏಪ್ರಿಲ್ ಬಿಸಿಲಿಗೆ ಕಾದು ಕೆಂಡವಾಗುತ್ತದೆ, ತೇವ ಸಿಕ್ಕ ದಿನಗಳಲ್ಲಿ ಕೊಳೆಯುವ ವೇಗ ಏರುತ್ತದೆ. ಇವೆಲ್ಲದರ ಮೇಲೆ ಕೊಚ್ಚಣೆ ಇದೆ. ನಮ್ಮ ಕೆಂಪು ಮಣ್ಣು ಮೊದಲ ಬಿರುಮಳೆಗೆ ಮೇಲೆ ಹೆಪ್ಪುಗಟ್ಟಿ ನೀರನ್ನು ಇಂಗಗೊಡದು. ಹರಿದುಹೋಗುವ ನೀರು ಒಯ್ಯುವುದು ಇಂಗಾಲ ಹೆಚ್ಚಿರುವ ಮೇಲ್ಪದರವನ್ನೇ.

ಇದನ್ನು ಕಣ್ಣಾರೆ ನೋಡಬೇಕೆಂದರೆ ಕಾಡಂಚಿನ ಬದುವಿನ ಎರಡೂ ಕಡೆ ಮೊಣಕಾಲುದ್ದ ಗುಂಡಿ ತೋಡಿ. ಕಾಡಿನ ಕಡೆಯ ಗುಂಡಿಯಲ್ಲಿ ಮೇಲೆ ನಾಲ್ಕೈದು ಬೆರಳು ದಪ್ಪಕ್ಕೆ ಮಣ್ಣು ಕಂದು-ಕಪ್ಪಾಗಿರುತ್ತದೆ, ಕೂದಲಿನಂಥ ಬೇರುಗಳು ಹೆಣೆದುಕೊಂಡಿರುತ್ತವೆ, ಮಣ್ಣು ಕಾಳುಕಾಳಾಗಿ ಉದುರುತ್ತದೆ. ಹೊಲದ ಕಡೆ ಮೇಲಿನಿಂದ ಕೆಳಗಿನವರೆಗೆ ಒಂದೇ ಇಟ್ಟಿಗೆ ಬಣ್ಣ. ಗೇಣು ಆಳದಲ್ಲಿ ನೇಗಿಲು ತುಳಿದ ಗಟ್ಟಿ ಪದರಕ್ಕೆ ಗುದ್ದಲಿ ತಾಗಿ ಸದ್ದಾಗುತ್ತದೆ. ಎರಡೂ ಕಡೆಯ ಒಣ ಹೆಂಟೆಯನ್ನು ಎರಡು ಲೋಟ ನೀರಿಗೆ ಬಿಡಿ. ಕಾಡಿನ ಹೆಂಟೆ ಸಾಮಾನ್ಯವಾಗಿ ಬಹಳ ಹೊತ್ತು ಇಡಿಯಾಗಿ ಉಳಿಯುತ್ತದೆ, ಹೊಲದ್ದು ಬೇಗನೆ ಕುಸಿದು ನೀರನ್ನು ರಾಡಿ ಮಾಡುತ್ತದೆ.

ಹೊಸದಾಗಿ ಕಾಡು ಕಡಿದ ನೆಲದಲ್ಲಿ ಮೊದಲ ಮೂರ್ನಾಲ್ಕು ವರ್ಷ ಬೆಳೆ ಚೆನ್ನಾಗೇ ಬರುತ್ತಲ್ಲ?

ಬರುತ್ತದೆ, ಆ ಫಸಲು ನಷ್ಟದ ಇನ್ನೊಂದು ಮುಖ. ಮಣ್ಣಿನ ಸಾವಯವ ಪದಾರ್ಥದಲ್ಲಿ ಹತ್ತು ಹನ್ನೆರಡು ಭಾಗ ಇಂಗಾಲಕ್ಕೆ ಒಂದು ಭಾಗ ಸಾರಜನಕ ಇರುತ್ತದೆ. ಹೆಕ್ಟೇರಿಗೆ ಹತ್ತು ಟನ್ ಇಂಗಾಲ ಕರಗಿದರೆ ಒಂದು ಟನ್ನಿನಷ್ಟು ಸಾರಜನಕ ಬಿಡುಗಡೆಯಾದಂತೆ, ಅಂದರೆ ನಲವತ್ತಕ್ಕೂ ಹೆಚ್ಚು ಚೀಲ ಯೂರಿಯಾಕ್ಕೆ ಸಮ. ಬಗರ್ ಹುಕುಂ ನೆಲ ಮೊದಲಲ್ಲಿ ಕೈತುಂಬ ಕೊಟ್ಟು ಆಮೇಲೆ ಸೊರಗುವುದಕ್ಕೆ ಕಾರಣ ಇದೇ. ಕಾಡು ನೂರಾರು ವರ್ಷಗಳಲ್ಲಿ ಕೂಡಿಟ್ಟದ್ದನ್ನು ಬೆಳೆ ಕೆಲವೇ ವರ್ಷಗಳಲ್ಲಿ ಉಂಡಿರುತ್ತದೆ.

ಒಟ್ಟು ಎಷ್ಟು ಹೋಗುತ್ತೆ? ಶೇಕಡಾವಾರು ಒಂದು ಲೆಕ್ಕ ಹೇಳಿ ಸಾಕು.

ಒಂದೇ ಸಂಖ್ಯೆ ಕೊಡುವುದು ಸುಲಭ, ಆದರೆ ಅದು ನಿಮ್ಮ ಊರಿನ ನೆಲಕ್ಕೆ ಸತ್ಯವಾಗಿರುವುದು ಅಪರೂಪ. ಜಗತ್ತಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2002ರಲ್ಲಿ ಪ್ರಕಟವಾದ ಪ್ರಸಿದ್ಧ ವಿಶ್ಲೇಷಣೆಯೊಂದು, ಸಹಜ ಕಾಡು ಹೊಲವಾದಾಗ ಮಣ್ಣಿನ ಇಂಗಾಲ ಸರಾಸರಿ ಶೇ 42ರಷ್ಟು ಕುಸಿಯುತ್ತದೆ ಎಂದಿತು. ಉಷ್ಣವಲಯವನ್ನೇ ಗಮನಿಸಿ 2011ರಲ್ಲಿ ಬಂದ ಇನ್ನೊಂದು ವಿಶ್ಲೇಷಣೆಯಲ್ಲಿ ಈ ನಷ್ಟ ಸುಮಾರು ಶೇ 25. ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿ (ಐಪಿಸಿಸಿ) ದೇಶಗಳ ಲೆಕ್ಕಪತ್ರಕ್ಕಾಗಿ ಕೊಟ್ಟ 2006ರ ಮಾರ್ಗಸೂಚಿಯಲ್ಲಿ, ಒಣ ಉಷ್ಣವಲಯದಲ್ಲಿ ದೀರ್ಘಕಾಲ ಉತ್ತ ನೆಲದ ಮೇಲಿನ 30 ಸೆಂಟಿಮೀಟರಿನಲ್ಲಿ ಮೊದಲಿದ್ದುದರ 0.58 ಪಾಲು ಉಳಿಯುತ್ತದೆ ಎಂದಿತ್ತು. ಹೊಸ ಅಳತೆಗಳನ್ನು ಸೇರಿಸಿ 2019ರಲ್ಲಿ ಪರಿಷ್ಕರಿಸಿದಾಗ ಅದೇ ಅಂಕಿ 0.92 ಆಯಿತು. ಶೇ 42ರ ನಷ್ಟ ಎಂದುಕೊಂಡದ್ದು ಶೇ 8ಕ್ಕೆ ಇಳಿಯಿತು!

ಹಾಗೆಂದು ಒಣಕಾಡು ಕಡಿದರೆ ನಷ್ಟವೇ ಇಲ್ಲ ಎಂದು ಓದಿಕೊಳ್ಳಬಾರದು. ಅವು ಬೇರೆ ಬೇರೆ ಮಣ್ಣು, ಮಳೆ, ಬೇಸಾಯಗಳ ಸರಾಸರಿ. ಕೊಟ್ಟಿಗೆ ಗೊಬ್ಬರ ಬಿದ್ದು ಬದು ಗಟ್ಟಿಯಿರುವ ಎರೆ (ಕಪ್ಪು ಮಣ್ಣಿನ) ಹೊಲವೂ, ಏನನ್ನೂ ಹಿಂತಿರುಗಿಸದೆ ಶೇಂಗಾ ಮೇಲೆ ಶೇಂಗಾ ಬೆಳೆದ ಇಳಿಜಾರಿನ ಮಸಾರಿ (ಮರಳು ಬೆರೆತ ಕೆಂಪು ಮಣ್ಣಿನ) ಹೊಲವೂ ಒಂದೇ ಸಾಲಿನಲ್ಲಿ ಕೂತರೆ ಸಿಗುವುದು ಇಂಥ ಸರಾಸರಿಯೇ. ನನ್ನ ಅಭಿಪ್ರಾಯದಲ್ಲಿ ಜಿಲ್ಲಾ ಮಟ್ಟದ ಯೋಜನೆ ಮಾಡುವವರು ಇಂಥ ಸಿದ್ಧ ಅಂಕಿಯನ್ನು ನೆಚ್ಚದೆ ಸ್ಥಳದಲ್ಲೇ ಅಳೆಸುವುದು ಒಳ್ಳೆಯದು.

ಎರೆ ಭೂಮಿಗೂ ಮಸಾರಿಗೂ ಈ ವಿಷಯದಲ್ಲಿ ವ್ಯತ್ಯಾಸ ಇದೆಯಾ?

ಬಹಳ ಇದೆ. ಎರೆ ಮಣ್ಣಿನ ಜೇಡಿ ಹಿಗ್ಗಿ ಕುಗ್ಗುವ ಜಾತಿಯದು. ಅದರ ಕಣಗಳಿಗೆ ಅಂಟುವ ಮೇಲ್ಮೈ ವಿಶಾಲವಾಗಿರುವುದರಿಂದ ಸಾವಯವ ಅಂಶವನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಬೇಸಿಗೆಯ ಬಿರುಕುಗಳ ಮೂಲಕ ಮೇಲಿನ ಮಣ್ಣು ಆಳಕ್ಕೆ ಬೀಳುವುದರಿಂದ ಇಂಗಾಲವೂ ಆಳಕ್ಕೆ ಹೋಗುತ್ತದೆ. ಮಸಾರಿಯಲ್ಲಿ ಮರಳು ಹೆಚ್ಚು, ಜೇಡಿ ಕಡಿಮೆ, ಅದೂ ಹಿಡಿತ ಕಡಿಮೆಯಿರುವ ಜಾತಿ. ಅಲ್ಲಿನ ಇಂಗಾಲದ ದೊಡ್ಡ ಪಾಲು ಬಿಡಿ ಚೂರುಗಳ ರೂಪದಲ್ಲಿದ್ದು, ಉಳುಮೆ ಶುರುವಾದ ಕೂಡಲೇ ಮೊದಲು ಕರಗುವುದು ಅದೇ. ಎರೆಯ ಬಣ್ಣ ಕಪ್ಪು ಎಂಬ ಕಾರಣಕ್ಕೆ ಅಲ್ಲಿ ಇಂಗಾಲ ತುಂಬಿ ತುಳುಕುತ್ತಿದೆ ಎಂದುಕೊಳ್ಳುವವರು ಬಹಳ. ದಖ್ಖನಿನ ಎಷ್ಟೋ ಕಪ್ಪು ಹೊಲಗಳಲ್ಲಿ ಸಾವಯವ ಇಂಗಾಲ ಶೇ 0.5ನ್ನೂ ಮುಟ್ಟುವುದಿಲ್ಲ.

ಭೂಬಳಕೆಯ ಬಗೆಗಳು

ಕುರುಚಲು ಕಾಡು ತೆಗೆದು ನೀಲಗಿರಿ ಹಾಕಿದರೆ ಇಂಗಾಲ ಹೆಚ್ಚಾಗುತ್ತೆ ಅಂತಾರೆ. ನಿಜವೇ?

ಮರದ ದಿಮ್ಮಿಯಲ್ಲಿ ಹೆಚ್ಚಾಗಬಹುದು, ಮಣ್ಣಿನಲ್ಲಿ ಹಾಗಾಗುತ್ತದೆಂಬ ಭರವಸೆ ಇಲ್ಲ. ಮೇಲೆ ಹೇಳಿದ 2002ರ ವಿಶ್ಲೇಷಣೆಯಲ್ಲಿ ಸಹಜ ಕಾಡನ್ನು ತೋಪಾಗಿ ಪರಿವರ್ತಿಸಿದಾಗ ಮಣ್ಣಿನ ಇಂಗಾಲ ಸರಾಸರಿ ಶೇ 13ರಷ್ಟು ಇಳಿದಿತ್ತು. ಆದರೆ ಹೊಲವನ್ನು ತೋಪು ಮಾಡಿದಾಗ ಶೇ 18ರಷ್ಟು ಏರಿತ್ತು. ಆದ್ದರಿಂದ ಮೊದಲು ಕೇಳಬೇಕಾದದ್ದು ಆ ನೆಲದಲ್ಲಿ ಹಿಂದೆ ಏನಿತ್ತು ಎಂಬುದನ್ನು. ತೋಪಿಗಾಗಿ ಜೆಸಿಬಿಯಿಂದ ಕಂದಕ ಹೊಡೆದು, ಪೊದೆಗಳನ್ನು ಬೇರುಸಮೇತ ಕಿತ್ತಾಗ ಆರಂಭದಲ್ಲೇ ಒಂದು ದೊಡ್ಡ ನಷ್ಟವಾಗುತ್ತದೆ. ಕೆಲವು ವರ್ಷಗಳಿಗೊಮ್ಮೆ ಕಟಾವು ಮಾಡಿ, ಎಲೆ ತೊಗಟೆಗಳನ್ನೂ ಸೌದೆಗೆ ಗುಡಿಸಿಕೊಂಡು ಹೋದರೆ ಆ ನಷ್ಟ ತುಂಬುವುದು ಕಷ್ಟ. 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯ ಕಾಲದಲ್ಲಿ ಕೋಲಾರದ ರಾಗಿ ಹೊಲಗಳೂ ನೀಲಗಿರಿ ತೋಪಾದವು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು ಮುಖ್ಯವಾಗಿ ಅಂತರ್ಜಲದ ಕಾರಣಕ್ಕೆ. ಹಳೆಯ ತೋಪನ್ನು ತೆಗೆಯುವವರು ಬೊಡ್ಡೆ ಕೀಳಲು ಇಡೀ ನೆಲವನ್ನು ಆಳಕ್ಕೆ ಬಗೆಯದೆ, ಸಾಧ್ಯವಾದಷ್ಟು ಕಡಿಮೆ ಮಣ್ಣು ಕದಡುವಂತೆ ನೋಡಿಕೊಳ್ಳಬೇಕು.

ಕಾವಲು ಭೂಮಿ ಖಾಲಿ ಬಿದ್ದಿದೆ. ಅಲ್ಲಿ ಗಿಡ ನೆಟ್ಟರೆ ಒಳ್ಳೇದಲ್ಲವಾ?

ಕಾವಲು ಖಾಲಿ ನೆಲವಲ್ಲ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳ ಮೇವಿಗೆಂದು ಕಾಯ್ದಿಟ್ಟ ಈ ಹುಲ್ಲುಗಾವಲುಗಳಲ್ಲಿ ಇಂಗಾಲದ ಬಹುಪಾಲು ನೆಲದೊಳಗೆ, ಹುಲ್ಲಿನ ಬೇರಿನ ಜಾಲದಲ್ಲಿ ಇರುತ್ತದೆ. ಬೆಂಕಿಗೂ ಬರಕ್ಕೂ ಅದು ಮರಕ್ಕಿಂತ ಸುರಕ್ಷಿತ. ಅಲ್ಲಿ ಉದ್ದಕ್ಕೂ ಕಂದಕ ತೋಡಿ ಸಸಿ ನೆಟ್ಟರೆ ಇರುವ ಇಂಗಾಲವನ್ನು ಕಳೆದುಕೊಂಡು, ಬದುಕುವುದೋ ಸಾಯುವುದೋ ತಿಳಿಯದ ಸಸಿಯ ಮೇಲೆ ಭರವಸೆ ಇಟ್ಟಂತಾಗುತ್ತದೆ. ಚಳ್ಳಕೆರೆ ತಾಲ್ಲೂಕಿನ ಕಾವಲುಗಳ ದೊಡ್ಡ ಭಾಗ ಈ ಶತಮಾನದಲ್ಲಿ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹೋಗಿದೆ. ಉಳಿದಿರುವುದನ್ನು ಹುಲ್ಲಾಗಿಯೇ ಉಳಿಸಿಕೊಳ್ಳಬೇಕು ಎಂದು ನಾನು ದೃಢವಾಗಿ ನಂಬುತ್ತೇನೆ. ನೆಡಲೇಬೇಕೆಂದರೆ ಹೊಲದ ಬದುಗಳಿವೆ, ರಸ್ತೆಯ ಅಂಚುಗಳಿವೆ, ಗಣಿಯಿಂದ ಕೆಟ್ಟ ನೆಲವಿದೆ.

ಬಳ್ಳಾರಿ ಜಾಲಿ ಎಲ್ಲ ಕಡೆ ಹಬ್ಬಿದೆ. ಅದರಿಂದ ಮಣ್ಣಿಗೆ ಲಾಭವೋ ನಷ್ಟವೋ?

ಇಂಗಾಲದ ಮಟ್ಟಿಗೆ ಮಾತ್ರ ನೋಡಿದರೆ, ಸವೆದುಹೋದ ನೆಲದಲ್ಲಿ ಜಾಲಿಯ ನೆರಳಿನಡಿಯ ಮಣ್ಣಿನಲ್ಲಿ ಇಂಗಾಲವೂ ಸಾರಜನಕವೂ ಸಾಮಾನ್ಯವಾಗಿ ಏರುತ್ತವೆ. ಆದರೆ ಅದು ಹಬ್ಬಿದ ಕಡೆ ಹುಲ್ಲು ಸಾಯುತ್ತದೆ, ಸ್ಥಳೀಯ ಗಿಡಗಳು ಮೇಲೇಳುವುದಿಲ್ಲ, ಕೆರೆಯಂಗಳ ಮುಚ್ಚಿಹೋಗುತ್ತದೆ. ಇಂಗಾಲ ಏರಿದ ಮಾತ್ರಕ್ಕೆ ನೆಲ ಚೇತರಿಸಿಕೊಂಡಿತು ಎನ್ನಲಾಗದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಕುರಿ ಮೇಕೆ ಮೇಯೋದರಿಂದಲೇ ಕಾಡಿನ ಮಣ್ಣು ಹಾಳಾಯ್ತು ಅಂತ ಅಧಿಕಾರಿಗಳು ಹೇಳ್ತಾರೆ. ಒಪ್ಪಬಹುದಾ?

ಅರ್ಧ ಒಪ್ಪಬಹುದು. ಒಂದೇ ಜಾಗದಲ್ಲಿ ವರ್ಷಪೂರ್ತಿ, ಹುಲ್ಲು ಬೀಜ ಕಟ್ಟುವ ಮೊದಲೇ ಮೇಯಿಸಿದರೆ ಬೇರು ಸೊರಗುತ್ತದೆ, ಗೊರಸಿನ ತುಳಿತಕ್ಕೆ ಮಣ್ಣು ಗಟ್ಟಿಯಾಗುತ್ತದೆ, ನೆಲ ಬಯಲಾಗಿ ಕೊಚ್ಚಣೆ ಹೆಚ್ಚುತ್ತದೆ. ಅಲೆಮಾರಿ ಮಂದೆ ಬಂದು ಕೆಲವು ದಿನ ಮೇದು ಮುಂದೆ ಹೋಗುವುದು ಬೇರೆಯೇ ಮಾತು. ಹುಲ್ಲಿಗೆ ಮತ್ತೆ ಚಿಗುರಲು ಅವಕಾಶ ಸಿಕ್ಕರೆ ಬೇರಿನ ಬೆಳವಣಿಗೆ ನಿಲ್ಲುವುದಿಲ್ಲ. ಇನ್ನೊಂದು ಸಂಗತಿ ಲೆಕ್ಕಕ್ಕೆ ಬರುವುದೇ ಇಲ್ಲ. ಬೇಸಿಗೆಯಲ್ಲಿ ರೈತರು ಹೊಲದಲ್ಲಿ ಕುರಿ ಮಂದೆ ನಿಲ್ಲಿಸಿಕೊಂಡು ಕುರಿಗಾರರಿಗೆ ಹಣವೋ ಕಾಳೋ ಕೊಡುತ್ತಾರೆ. ಕಾಡಿನಲ್ಲಿ, ಕಾವಲಿನಲ್ಲಿ ಮೇದದ್ದು ರಾತ್ರಿ ಹಿಕ್ಕೆಯಾಗಿ ಹೊಲಕ್ಕೆ ಬೀಳುತ್ತದೆ. ಹೊಲದ ಇಂಗಾಲ ಏರಿದಾಗ ಅದರಲ್ಲಿ ಒಂದು ಪಾಲು ಕಾಡಿನಿಂದ ಬಂದದ್ದು ಎಂಬುದನ್ನು ನೆನಪಿಡಬೇಕು.

ಬೇಸಿಗೆ ಬೆಂಕಿಯಿಂದ ಮಣ್ಣಿನ ಇಂಗಾಲ ಸುಟ್ಟುಹೋಗುತ್ತಾ?

ಒಣಕಾಡಿನ ಬೆಂಕಿ ಹೆಚ್ಚಾಗಿ ನೆಲದ ಮೇಲಿನ ತರಗು, ಹುಲ್ಲನ್ನು ಸುಡುತ್ತಾ ಬೇಗ ಸಾಗಿಹೋಗುವ ಬೆಂಕಿ. ಮಣ್ಣು ಶಾಖವನ್ನು ಕೆಳಗಿಳಿಯಗೊಡದ ಕಾರಣ ಕೆಲವು ಸೆಂಟಿಮೀಟರ್ ಆಳದಲ್ಲಿ ಹೆಚ್ಚಿನ ಬದಲಾವಣೆ ಆಗುವುದಿಲ್ಲ. ನಿಜವಾದ ಪೆಟ್ಟು ಬೀಳುವುದು ಆಮೇಲೆ: ಮಣ್ಣಿಗೆ ಸೇರಬೇಕಿದ್ದ ತರಗು ಗಾಳಿಗೆ ಹೋಗಿರುತ್ತದೆ, ಬಯಲಾದ ನೆಲಕ್ಕೆ ಮೊದಲ ಮಳೆ ನೇರವಾಗಿ ಹೊಡೆಯುತ್ತದೆ, ಬೂದಿಯೂ ಮೇಲ್ಮಣ್ಣೂ ಹಳ್ಳ ಸೇರುತ್ತವೆ. ಹಲವು ವರ್ಷಗಳಿಗೊಮ್ಮೆ ಬಂದ ಬೆಂಕಿಯಿಂದ ಕಾಡು ಚೇತರಿಸಿಕೊಳ್ಳುತ್ತದೆ. ವರ್ಷ ವರ್ಷವೂ ಬೆಂಕಿ ಬಿದ್ದರೆ ಸಸಿಗಳು ಮರವಾಗುವ ಮೊದಲೇ ಸತ್ತು, ಮಣ್ಣಿಗೆ ಬರುವ ಆದಾಯವೇ ನಿಲ್ಲುತ್ತದೆ.

ಕೆರೆ ಹೂಳು ಹೊಡೆಸಿದರೆ ಹೊಲದ ಇಂಗಾಲ ಏರುತ್ತದೆಯೇ? ಅಡಿಕೆ ತೋಟಕ್ಕೂ ಹೊಡೆಸುತ್ತಾರಲ್ಲ?

ಏರುತ್ತದೆ. ಗುಡ್ಡದಿಂದ, ಹೊಲದಿಂದ ಕೊಚ್ಚಿಹೋದ ಜೇಡಿಯೂ ಅದಕ್ಕೆ ಅಂಟಿದ ಇಂಗಾಲವೂ ಕೆರೆಯಲ್ಲಿ ಕೂತಿರುತ್ತವೆ. ಅದನ್ನು ಮಸಾರಿ ಹೊಲಕ್ಕೆ ಹಿಂದಿರುಗಿಸುವುದು ನಮ್ಮ ಹಿರಿಯರು ಕಂಡುಕೊಂಡ ಒಳ್ಳೆಯ ಪದ್ಧತಿ. ಇಂಗಾಲಕ್ಕಿಂತಲೂ ಹೂಳಿನ ಜೇಡಿಯೇ ದೊಡ್ಡ ಲಾಭ, ಏಕೆಂದರೆ ಮುಂದೆ ಹಾಕುವ ಗೊಬ್ಬರವನ್ನು ಹಿಡಿದಿಡುವ ಶಕ್ತಿ ಬರುತ್ತದೆ. ಆದರೆ ವಾತಾವರಣದ ಲೆಕ್ಕದಲ್ಲಿ ಇದು ಜಾಗ ಬದಲಾವಣೆ ಮಾತ್ರ, ಹೊಸ ಗಳಿಕೆಯಲ್ಲ. ಚಿತ್ರದುರ್ಗ, ತುಮಕೂರು ಕಡೆ ಕೊಳವೆ ಬಾವಿ ನಂಬಿ ಹೊಸದಾಗಿ ಎದ್ದ ಅಡಿಕೆ ತೋಟಗಳಲ್ಲಿ ನೆರಳು, ತೇವ, ಗೊಬ್ಬರ, ಹೂಳು ಎಲ್ಲ ಸೇರಿ ಮೇಲ್ಮಣ್ಣಿನ ಇಂಗಾಲ ಏರುವುದು ಸಹಜ. ನೀರು ಬತ್ತಿ ತೋಟ ಒಣಗಿದರೆ ಆ ಗಳಿಕೆ ಉಳಿಯುವುದಿಲ್ಲ. ಅದಕ್ಕೆ ಪಂಪಿನ ವಿದ್ಯುತ್ತಿನ ಲೆಕ್ಕವನ್ನೂ ಕೂಡಿಸಬೇಕು.

ಗಾಳಿಯಂತ್ರ, ಗಣಿಗಾರಿಕೆಗೆ ಹೋದ ಜಾಗದ ಕಥೆ ಏನು?

ಗಾಳಿಯಂತ್ರದ ಕಂಬ ಹಿಡಿಯುವ ಜಾಗ ಚಿಕ್ಕದು, ಆದರೆ ಗುಡ್ಡದ ನೆತ್ತಿಯವರೆಗೆ ದೊಡ್ಡ ಲಾರಿ ಹತ್ತಿಸಲು ಕೊರೆದ ರಸ್ತೆ ಕೊಚ್ಚಣೆಗೆ ದಾರಿ ಮಾಡಿಕೊಡುತ್ತದೆ. ಸಂಡೂರಿನಂಥ ಗಣಿ ಪ್ರದೇಶದಲ್ಲಿ ಮೇಲ್ಮಣ್ಣನ್ನೇ ಬಗೆದು ರಾಶಿ ಹಾಕುತ್ತಾರೆ. ಆ ರಾಶಿಗೆ ಹೊಸ ಬೇರು, ಎಲೆ ಸೇರದ ಕಾರಣ ಅದರಲ್ಲಿನ ಇಂಗಾಲವೂ ಜೀವಿಗಳೂ ಕ್ಷೀಣಿಸುತ್ತಾ ಹೋಗುತ್ತವೆ. ಮೇಲ್ಮಣ್ಣನ್ನು ತಗ್ಗಾದ ರಾಶಿಯಲ್ಲಿ ಇಟ್ಟು, ಹುಲ್ಲು ಬಿತ್ತಿ, ಆದಷ್ಟು ಬೇಗ ಮರಳಿ ಹರಡುವುದೊಂದೇ ದಾರಿ.

ಅಳತೆ ಮತ್ತು ಲೆಕ್ಕ

ನನ್ನ ಮಣ್ಣು ಆರೋಗ್ಯ ಚೀಟಿಯಲ್ಲಿ ಸಾವಯವ ಇಂಗಾಲ 0.42 ಅಂತ ಇದೆ. ಇದರ ಅರ್ಥ ಏನು?

ನೂರು ಗ್ರಾಂ ಒಣ ಮಣ್ಣಿನಲ್ಲಿ 0.42 ಗ್ರಾಂ ಸಾವಯವ ಇಂಗಾಲ ಇದೆ ಎಂದರ್ಥ. ರೂಢಿಯ ವರ್ಗೀಕರಣದಲ್ಲಿ 0.5ಕ್ಕಿಂತ ಕಡಿಮೆಯಾದರೆ ಕಡಿಮೆ, 0.5ರಿಂದ 0.75 ಮಧ್ಯಮ, ಅದಕ್ಕಿಂತ ಮೇಲೆ ಹೆಚ್ಚು. ಪ್ರಯೋಗಾಲಯಗಳಲ್ಲಿ ಇದನ್ನು ಅಳೆಯುವ ರೂಢಿಯ ವಿಧಾನ 1934ರಷ್ಟು ಹಳೆಯ ವಾಕ್ಲಿ-ಬ್ಲ್ಯಾಕ್ ವಿಧಾನ. ಜರಡಿ ಹಿಡಿದ ಮಣ್ಣಿಗೆ ಕಿತ್ತಳೆ ಬಣ್ಣದ ಪೊಟ್ಯಾಸಿಯಂ ಡೈಕ್ರೋಮೇಟ್ ದ್ರಾವಣ, ಅದರ ಮೇಲೆ ಗಂಧಕಾಮ್ಲ ಹಾಕಿದಾಗ ಫ್ಲಾಸ್ಕು ಕೈ ಸುಡುವಷ್ಟು ಬಿಸಿಯಾಗುತ್ತದೆ. ಇಂಗಾಲ ಹೆಚ್ಚಿದ್ದಷ್ಟೂ ಕಿತ್ತಳೆ ಬಣ್ಣ ಹಸಿರಿಗೆ ತಿರುಗುತ್ತದೆ. ಉಳಿದ ಡೈಕ್ರೋಮೇಟ್ ಎಷ್ಟು ಎಂದು ಹನಿ ಹನಿಯಾಗಿ ಅಳೆದು ಇಂಗಾಲದ ಲೆಕ್ಕ ತೆಗೆಯುತ್ತಾರೆ. ಈ ವಿಧಾನಕ್ಕೆ ಸರಾಸರಿ ಶೇ 77ರಷ್ಟು ಇಂಗಾಲ ಮಾತ್ರ ಸಿಗುವುದರಿಂದ 1.3ರಿಂದ ಗುಣಿಸುವ ರೂಢಿ ಇದೆ. ಇದ್ದಿಲು ಇದಕ್ಕೆ ಸರಿಯಾಗಿ ಸಿಗುವುದಿಲ್ಲ, ಹಾಗಾಗಿ ಬೆಂಕಿ ಬಿದ್ದ ಕಾಡಿನ ಮಣ್ಣಿಗೆ ಒಣ ದಹನದ ಯಂತ್ರವೇ (ಮಣ್ಣನ್ನು ಸುಟ್ಟು, ಹೊರಬಂದ ಇಂಗಾಲದ ಡೈಆಕ್ಸೈಡ್ ಅಳೆಯುವ ಯಂತ್ರ) ಉತ್ತಮ. ಚೀಟಿಯ ಮಾದರಿಯನ್ನು ಸಾಮಾನ್ಯವಾಗಿ ಮೇಲಿನ 15 ಸೆಂಟಿಮೀಟರಿನಿಂದ ತೆಗೆದಿರುತ್ತಾರೆ. ಆಳದ ಮಣ್ಣಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಶೇಕಡಾ ಗೊತ್ತಾಯ್ತು. ಹೆಕ್ಟೇರಿಗೆ ಎಷ್ಟು ಟನ್ ಅಂತ ಲೆಕ್ಕ ಹಾಕೋದು ಹೇಗೆ?

ಇಂಗಾಲದ ಶೇಕಡಾ, ಮಣ್ಣಿನ ರಾಶಿ ಸಾಂದ್ರತೆ (ಘನ ಸೆಂಟಿಮೀಟರಿಗೆ ಇಷ್ಟು ಗ್ರಾಂ), ಆಳ (ಸೆಂಟಿಮೀಟರ್) ಮೂರನ್ನೂ ಗುಣಿಸಿದರೆ ಹೆಕ್ಟೇರಿಗೆ ಟನ್ ಸಿಗುತ್ತದೆ. ಕಾಡಿನಲ್ಲಿ ಇಂಗಾಲ ಶೇ 1.0, ಸಾಂದ್ರತೆ 1.3, ಆಳ 30 ಎಂದುಕೊಳ್ಳಿ: 39 ಟನ್. ಪಕ್ಕದ ಹೊಲದಲ್ಲಿ ಶೇ 0.5, ಸಾಂದ್ರತೆ 1.5: 22.5 ಟನ್. ನಷ್ಟ 16.5 ಟನ್ ಎಂದು ಬರೆದು ಮುಗಿಸುವವರೇ ಹೆಚ್ಚು, ಆದರೆ ಅದು ಸರಿಯಲ್ಲ. ಹೊಲದ ಮಣ್ಣು ಗಟ್ಟಿಯಾಗಿರುವುದರಿಂದ ಅದೇ 30 ಸೆಂಟಿಮೀಟರಿನಲ್ಲಿ ಹೆಚ್ಚು ಮಣ್ಣು ಸಿಕ್ಕಿದೆ: ಕಾಡಿನಲ್ಲಿ ಹೆಕ್ಟೇರಿಗೆ 3,900 ಟನ್, ಹೊಲದಲ್ಲಿ 4,500 ಟನ್. ಸಮಾನ ತೂಕದ ಮಣ್ಣಿಗೆ ಹೋಲಿಸಿದರೆ ಹೊಲದ 3,900 ಟನ್ ಮಣ್ಣಿನಲ್ಲಿ ಇರುವುದು 19.5 ಟನ್ ಇಂಗಾಲ, ನಷ್ಟವೂ 19.5 ಟನ್. ಇಂಗಾಲದ ಡೈಆಕ್ಸೈಡ್ ಲೆಕ್ಕಕ್ಕೆ 3.67ರಿಂದ ಗುಣಿಸಿದರೆ ಸುಮಾರು 72 ಟನ್. ಗರಸು, ಕಲ್ಲು ಹೆಚ್ಚಿರುವ ನಮ್ಮ ಗುಡ್ಡದ ಮಣ್ಣಿನಲ್ಲಿ ಕಲ್ಲಿನ ಪಾಲನ್ನು ಕಳೆಯಲು ಮರೆತರೆ ಕಾಡಿನ ಇಂಗಾಲ ಇಲ್ಲದಷ್ಟು ದೊಡ್ಡದಾಗಿ ಕಾಣುತ್ತದೆ. ಈ ಅಂಕಿಗಳು ಲೆಕ್ಕದ ಕ್ರಮ ತೋರಿಸಲು ಮಾತ್ರ.

ಎರೆ ಮಣ್ಣಲ್ಲಿ ಸುಣ್ಣದ ಹರಳು ಸಿಗುತ್ತವಲ್ಲ, ಅದರಲ್ಲೂ ಇಂಗಾಲ ಇದೆಯಂತೆ?

ಇದೆ. ಕ್ಯಾಲ್ಸಿಯಂ ಕಾರ್ಬೊನೇಟ್‌ನ ತೂಕದಲ್ಲಿ ಶೇ 12ರಷ್ಟು ಇಂಗಾಲ; ಒಣ ಸೀಮೆಯ ಆಳದ ಮಣ್ಣಿನಲ್ಲಿ ಈ ನಿರವಯವ ಇಂಗಾಲ ಸಾವಯವಕ್ಕಿಂತ ಹೆಚ್ಚಿರುವುದೂ ಉಂಟು. ಇದು ಬಹಳ ನಿಧಾನವಾಗಿ ಬದಲಾಗುವ ಭಾಗ. ಆದರೂ ಅಮೋನಿಯಂ ಗೊಬ್ಬರದ ಆಮ್ಲ ಅದನ್ನು ಕರಗಿಸಬಹುದು, ಕೊಳವೆ ಬಾವಿಯ ಗಡಸು ನೀರು ಹೊಸದಾಗಿ ಕೂಡಿಸಬಹುದು. ಒಣ ದಹನದ ಯಂತ್ರ ಎರಡನ್ನೂ ಒಟ್ಟಿಗೆ ಅಳೆದುಬಿಡುತ್ತದೆ. ಮಣ್ಣಿನ ಮೇಲೆ ತೆಳು ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿಟ್ಟಾಗ ಬುರುಗು ಬಂದರೆ, ಮೊದಲು ಕಾರ್ಬೊನೇಟನ್ನು ತೆಗೆದೇ ಅಳೆಯಬೇಕು.

ಮುಂದಿನ ಹಂತದ ಪ್ರಶ್ನೆಗಳು

ಹೊಲದ ಮಣ್ಣಲ್ಲಿ ಉಳಿದಿರೋದು ಹಳೇ ಕಾಡಿನ ಇಂಗಾಲವೋ, ಬೆಳೆಯದ್ದೋ ಅಂತ ಪತ್ತೆ ಮಾಡಬಹುದಾ?

ಮಾಡಬಹುದು. ಮರಗಳೂ ಜೋಳ, ರಾಗಿ, ಸಜ್ಜೆ, ಮೆಕ್ಕೆಜೋಳಗಳೂ ಗಾಳಿಯಿಂದ ಇಂಗಾಲ ಹೀರುವ ಕ್ರಮ ಬೇರೆ ಬೇರೆ (ಸಿ3 ಮತ್ತು ಸಿ4). ಆದ್ದರಿಂದ ಇಂಗಾಲ-13 ಐಸೋಟೋಪಿನ (ಸ್ವಲ್ಪ ಹೆಚ್ಚು ಭಾರದ ಇಂಗಾಲದ) ಗುರುತು, ಒಂದು ಮಾನದಂಡಕ್ಕೆ ಹೋಲಿಸಿದಾಗ, ಮರಗಳಲ್ಲಿ ಸುಮಾರು ಸಾವಿರಕ್ಕೆ -27, ಈ ಧಾನ್ಯಗಳಲ್ಲಿ ಸುಮಾರು -12 ಇರುತ್ತದೆ. ಕಾಡಿನ ಮಣ್ಣಿನ ಅಂಕಿ -25 ಇದ್ದು, ಮೂವತ್ತು ವರ್ಷ ಜೋಳ ಬೆಳೆದ ಹೊಲದ್ದು -18.5ಕ್ಕೆ ಬಂದಿದ್ದರೆ, ಉಳಿದ ಇಂಗಾಲದಲ್ಲಿ ಅರ್ಧದಷ್ಟು ಜೋಳದಿಂದ ಬಂದದ್ದು. ಎರಡು ಎಚ್ಚರಿಕೆಗಳು ಬೇಕು. ಶೇಂಗಾ, ತೊಗರಿ, ಹತ್ತಿ ಸಿ3 ಗುಂಪಿನವು. ಅವನ್ನು ಬೆಳೆದ ಹೊಲದಲ್ಲಿ ಈ ವಿಧಾನ ನಡೆಯದು. ಒಣಕಾಡಿನ ಹುಲ್ಲುಗಳು ಬಹುತೇಕ ಸಿ4 ಆದ್ದರಿಂದ ಕಾಡಿನ ಮಣ್ಣೇ ಮಿಶ್ರ ಗುರುತು ತೋರಿಸುತ್ತದೆ. ಅದನ್ನು ಅಳೆಯದೆ ಪುಸ್ತಕದ ಅಂಕಿ ಹಿಡಿದರೆ ಉತ್ತರ ತಪ್ಪುತ್ತದೆ.

ಭರಣಿ ಮಳೆ ಬಿದ್ದ ಕೂಡಲೇ ಮಣ್ಣಿಂದ ಇಂಗಾಲ ಹೊರಗೆ ಬರುತ್ತೆ ಅಂತ ಓದಿದೆ. ಹೇಗೆ?

ತಿಂಗಳುಗಟ್ಟಲೆ ಒಣಗಿದ ಮಣ್ಣಿಗೆ ಒಮ್ಮೆಲೇ ನೀರು ಬಿದ್ದಾಗ ಬರದಲ್ಲಿ ಬದುಕುಳಿಯಲು ಸೂಕ್ಷ್ಮಜೀವಿಗಳು ತಮ್ಮೊಳಗೆ ಕೂಡಿಟ್ಟುಕೊಂಡ ಅಂಶ ಹೊರಬೀಳುತ್ತದೆ, ಕೆಲವು ಜೀವಕೋಶಗಳು ಒಡೆದೂ ಹೋಗುತ್ತವೆ. ಹೆಂಟೆಗಳು ಬಿರಿದು ಒಳಗಿನ ಸಾವಯವ ಅಂಶ ತೆರೆದುಕೊಳ್ಳುತ್ತದೆ. ಕೆಲವೇ ಗಂಟೆಗಳಲ್ಲಿ ಉಸಿರಾಟ ಹಲವು ಪಟ್ಟು ಏರಿ ಕೆಲವು ದಿನಗಳಲ್ಲಿ ಇಳಿಯುತ್ತದೆ. ಇದನ್ನು ವಿವರಿಸಿದ ವಿಜ್ಞಾನಿಯ ಹೆಸರಿನಿಂದ ಬರ್ಚ್ ಪರಿಣಾಮ ಎನ್ನುತ್ತಾರೆ. ಆ ಪ್ರಬಂಧ ಬಂದದ್ದು 1958ರಲ್ಲಿ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆಯ ಹಿಂದೆ ಈ ಕ್ರಿಯೆಯ ಪಾಲೂ ಇರಬಹುದು, ಏಕೆಂದರೆ ಇಂಗಾಲದ ಜೊತೆಗೆ ಸಾರಜನಕವೂ ಬಿಡುಗಡೆಯಾಗುತ್ತದೆ. ಕಾಡಿನಲ್ಲಿ ಆಗಲೇ ಜೀವಂತವಾಗಿರುವ ಬೇರುಗಳು ಆ ಸಾರಜನಕವನ್ನು ಹಿಡಿದು ಚಿಗುರು ಮಾಡುತ್ತವೆ. ಮಾಗಿ ಉಳುಮೆ ಮಾಡಿ ಬಿಟ್ಟ ಬರಿ ಹೊಲದಲ್ಲಿ ಅದನ್ನು ಹಿಡಿಯುವವರಿಲ್ಲ. ತಿಂಗಳಿಗೊಮ್ಮೆ ಅಳೆಯುವ ಅಧ್ಯಯನಗಳು ಈ ಕೆಲವೇ ದಿನಗಳನ್ನು ತಪ್ಪಿಸಿಕೊಂಡು ವರ್ಷದ ನಷ್ಟವನ್ನು ಕಡಿಮೆ ತೋರಿಸುವ ಅಪಾಯವಿದೆ.

ಹೋದ ಇಂಗಾಲ ವಾಪಸ್ ಬರೋಕೆ ಎಷ್ಟು ವರ್ಷ ಬೇಕು?

ಹೋಗುವಾಗ ಹತ್ತಿಪ್ಪತ್ತು ವರ್ಷ ಸಾಕು. ಬರುವಾಗ ಒಂದು ತಲೆಮಾರು ಸಾಲದು. ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿ ಇಕ್ರಿಸ್ಯಾಟ್ (ಒಣ ಸೀಮೆಯ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ) 1976ರಿಂದ ಎರೆ ಮಣ್ಣಿನಲ್ಲಿ ನಡೆಸಿದ ಪ್ರಯೋಗದಲ್ಲಿ, ಅಗಲ ಮಡಿ, ತೊಗರಿಯ ಅಂತರಬೆಳೆ, ಹದವಾದ ಗೊಬ್ಬರ ಸೇರಿದ ಸುಧಾರಿತ ಬೇಸಾಯವು ಹಳೆಯ ಪದ್ಧತಿಗಿಂತ ವರ್ಷಕ್ಕೆ ಹೆಕ್ಟೇರಿಗೆ ಸುಮಾರು 0.3 ಟನ್ ಹೆಚ್ಚು ಇಂಗಾಲ ಉಳಿಸಿತು. ಒಣ ಬೇಸಾಯದಲ್ಲಿ ಇದು ಒಳ್ಳೆಯ ಸಾಧನೆಯೇ. ಆದರೂ ಮೇಲಿನ ಲೆಕ್ಕದ 19.5 ಟನ್ ತುಂಬಲು ಅದೇ ವೇಗದಲ್ಲಿ 65 ವರ್ಷ ಬೇಕು. ಬೀಳು ಬಿಟ್ಟ ನೆಲ ಕಾಡಾಗಿ ಮರಳಿದರೆ ಗಳಿಕೆ ದೊಡ್ಡದು. 2002ರ ವಿಶ್ಲೇಷಣೆಯಲ್ಲಿ ಹೊಲ ಮರುಕಾಡಾದಾಗ ಸರಾಸರಿ ಏರಿಕೆ ಶೇ 53 ಇತ್ತು. ಒಣಕಾಡಿಗೆ ಒಂದು ವರವಿದೆ: ದಿಂಡಿಗ ಬುಡದಿಂದ ಚಿಗುರುತ್ತದೆ, ತೂಪ್ರ ಬೇರಿನಿಂದ ಏಳುತ್ತದೆ. ಬೊಡ್ಡೆ ಬೇರುಗಳು ಬದುಕಿರುವ ನೆಲದಲ್ಲಿ ಸಸಿ ನೆಡುವ ಖರ್ಚಿಗಿಂತ ಬೆಂಕಿ ತಡೆಯುವ, ಕೆಲವು ವರ್ಷ ಮೇಯಿಸುವುದನ್ನು ನಿಲ್ಲಿಸುವ ಖರ್ಚು ಹೆಚ್ಚು ಫಲ ಕೊಡುತ್ತದೆ. ಇಷ್ಟೆಲ್ಲ ತಿಳಿದ ಮೇಲೆ ನನ್ನ ಮೊದಲ ಆದ್ಯತೆ ಇರುವ ಕುರುಚಲನ್ನು ಹಾಗೇ ಉಳಿಸಿಕೊಳ್ಳುವುದಕ್ಕೆ, ಎರಡನೆಯದು ಹೊಸದಾಗಿ ಬೆಳೆಸುವುದಕ್ಕೆ.

ಕಾರ್ಬನ್ ಕ್ರೆಡಿಟ್ ಕೊಡಿಸ್ತೀವಿ ಅಂತ ಕಂಪನಿಯವರು ಬಂದಿದ್ದಾರೆ. ಸಹಿ ಹಾಕಬಹುದಾ?

ಮೊದಲು ಲೆಕ್ಕ ನೋಡಿ. ಒಂದು ಕ್ರೆಡಿಟ್ ಎಂದರೆ ಒಂದು ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮ. ವರ್ಷಕ್ಕೆ ಹೆಕ್ಟೇರಿಗೆ 0.3 ಟನ್ ಇಂಗಾಲ ಉಳಿಸಿದರೂ ಅದು 1.1 ಕ್ರೆಡಿಟ್, ಎಕರೆಗೆ ಅರ್ಧವೂ ಆಗುವುದಿಲ್ಲ. ನಾಲ್ಕು ಎಕರೆಯವರಿಗೆ ವರ್ಷಕ್ಕೆ ಎರಡು ಕ್ರೆಡಿಟ್ ಕೂಡ ಬರುವುದಿಲ್ಲ, ಅದರಲ್ಲೂ ಅಳತೆ, ತಪಾಸಣೆ, ಮಧ್ಯವರ್ತಿಗಳ ಪಾಲು ಕಳೆಯಬೇಕು. ಜೊತೆಗೆ ಒಂದು ಹೊಲದ ಇಂಗಾಲವನ್ನು ಮಾದರಿಗಳಿಂದ ಅಂದಾಜಿಸುವಾಗ ಶೇ 10ರ ಏರುಪೇರು ಸಾಮಾನ್ಯ. 25 ಟನ್ ಇರುವ ಕಡೆ ಅದು 2.5 ಟನ್, ಅಂದರೆ ಎಂಟು ವರ್ಷಗಳ ಗಳಿಕೆಯಷ್ಟು. ಒಪ್ಪಂದ ಎಷ್ಟು ವರ್ಷದ್ದು, ನಡುವೆ ಬೆಳೆ ಬದಲಿಸಿದರೆ ಅಥವಾ ಜಮೀನು ಮಾರಿದರೆ ಏನಾಗುತ್ತದೆ, ಮಣ್ಣನ್ನು ನಿಜವಾಗಿ ಅಳೆಯುತ್ತಾರೋ ಕಂಪ್ಯೂಟರ್ ಮಾದರಿಯಿಂದ ಅಂದಾಜಿಸುತ್ತಾರೋ, ಬೆಲೆ ಯಾರು ನಿಗದಿ ಮಾಡುತ್ತಾರೆ: ಇವಕ್ಕೆ ಕನ್ನಡದಲ್ಲಿ ಬರೆದ ಉತ್ತರ ಸಿಗುವವರೆಗೆ ಸಹಿ ಹಾಕಬೇಡಿ. ಗೊಬ್ಬರ, ಬದು, ಹೊದಿಕೆಗಳ ನಿಜವಾದ ಲಾಭ ಮಣ್ಣಿನ ತೇವ ಮತ್ತು ಇಳುವರಿಯಲ್ಲಿದೆ, ಕ್ರೆಡಿಟ್ ಬಂದರೆ ಅದು ಮೇಲುಸಂಪಾದನೆ.

ನನ್ನ ಪ್ರಬಂಧಕ್ಕೆ ಕಾಡು ಮತ್ತು ಹೊಲ ಪಕ್ಕಪಕ್ಕ ಅಳೆದರೆ ಸಾಕಾ, ಅಥವಾ ಇಪ್ಪತ್ತು ವರ್ಷ ಕಾಯಬೇಕಾ?

ಕಾಯಲು ಆಗದವರೆಲ್ಲ ಪಕ್ಕಪಕ್ಕದ ಹೋಲಿಕೆಯನ್ನೇ ಮಾಡುತ್ತಾರೆ, ಅದರಲ್ಲಿ ತಪ್ಪಿಲ್ಲ. ಆದರೆ ನಮ್ಮ ಹಿರಿಯರು ಉಳುವಾಗ ಆಳ ಮಣ್ಣಿರುವ ತಗ್ಗಿನ ನೆಲವನ್ನೇ ಆರಿಸಿಕೊಂಡರು. ಕಾಡು ಉಳಿದದ್ದು ಕಲ್ಲು ಗುಡ್ಡದ ಇಳಿಜಾರಿನಲ್ಲಿ. ಹಾಗಾಗಿ ಇಂದು ಕಾಣುವ ವ್ಯತ್ಯಾಸದಲ್ಲಿ ಒಂದು ಪಾಲು ಉಳುಮೆಗೂ ಮೊದಲೇ ಇದ್ದದ್ದು. ತಗ್ಗಿನ ನೆಲ ಮೂಲತಃ ಹೆಚ್ಚು ಇಂಗಾಲದ್ದಾಗಿದ್ದರೆ ನಿಮ್ಮ ಹೋಲಿಕೆ ನಷ್ಟವನ್ನು ಕಡಿಮೆ ತೋರಿಸುತ್ತದೆ. ಇಳಿಜಾರು, ಮಣ್ಣಿನ ಆಳ, ಜೇಡಿಯ ಪ್ರಮಾಣ ಹೊಂದುವ ಜೋಡಿಗಳನ್ನೇ ಆರಿಸಿ. ಸ್ವಲ್ಪ ಆಳದ ಪದರದಲ್ಲಿ ಜೇಡಿಯ ಶೇಕಡಾ ಎರಡೂ ಕಡೆ ಬಹಳ ಬೇರೆಯಾಗಿದ್ದರೆ ಆ ಜೋಡಿಯನ್ನು ಕೈಬಿಡಿ, ಏಕೆಂದರೆ ಜೇಡಿಯನ್ನು ಉಳುಮೆ ಅಷ್ಟು ಬದಲಿಸದು. ಕಾಡಿನೊಳಗೆ ಮರದ ಬುಡ, ಪೊದೆಯಡಿ, ಬಯಲು, ಹುತ್ತದ ಬಳಿ ಹೀಗೆ ಬೇರೆ ಬೇರೆ ಮಾದರಿ ತೆಗೆದು ಅವು ಹರಡಿರುವ ಪ್ರಮಾಣಕ್ಕೆ ತಕ್ಕ ತೂಕ ಕೊಡಿ. ಮರದ ಬುಡದಲ್ಲೇ ಅಗೆದ ಮಣ್ಣು ಇಡೀ ಕಾಡನ್ನು ಪ್ರತಿನಿಧಿಸುವುದಿಲ್ಲ. ಕನಿಷ್ಠ 30 ಸೆಂಟಿಮೀಟರ್, ಸಾಧ್ಯವಾದರೆ ಒಂದು ಮೀಟರ್ ಆಳದವರೆಗೆ ಪದರ ಪದರವಾಗಿ ತೆಗೆಯಿರಿ, ಪ್ರತಿ ಪದರದ ರಾಶಿ ಸಾಂದ್ರತೆಯನ್ನೂ ಕಲ್ಲಿನ ಪಾಲನ್ನೂ ಅಳೆಯಿರಿ. ಹೊಲದ ಇತಿಹಾಸಕ್ಕೆ ಪಹಣಿ, ಹಳೆಯ ಸರ್ವೆ ನಕ್ಷೆಗಳ ಜೊತೆಗೆ ಊರಿನ ವಯಸ್ಸಾದವರ ನೆನಪನ್ನೂ ದಾಖಲಿಸಿಕೊಳ್ಳಿ. ಯಾವ ವರ್ಷ ಕಡಿದರು, ಮೊದಲು ಏನು ಬಿತ್ತಿದರು, ಹೂಳು ಯಾವಾಗ ಹೊಡೆಸಿದರು ಎಂಬುದು ಹೆಚ್ಚಾಗಿ ಅವರಿಂದಲೇ ತಿಳಿಯಬೇಕು. ಮಾದರಿಯ ಗುಂಡಿಗಳ ಜಿಪಿಎಸ್ ಗುರುತನ್ನು ಪ್ರಬಂಧದಲ್ಲೇ ಮುದ್ರಿಸಿದರೆ, ಇಪ್ಪತ್ತು ವರ್ಷಗಳ ನಂತರ ಇನ್ನೊಬ್ಬ ವಿದ್ಯಾರ್ಥಿ ಅದೇ ಜಾಗದಲ್ಲಿ ಮತ್ತೆ ಅಳೆಯಬಹುದು.